ಜೆಟ್‌ಸ್ಟ್ರೀಮ್2ರಲ್ಲಿ ಮೊದಲ ಮಷಿನ್: ಕ್ರೆಡಿಟ್ ಸೋರದಂತೆ, ಡೇಟಾ ಕಳೆಯದಂತೆ ಕೆಲಸ ಮಾಡುವ ಕ್ರಮ

ಸೆಮಿಸ್ಟರ್ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜ್‌ಗಳು ಬರತೊಡಗುತ್ತವೆ. ಕಳಿಸುವವರು ಊರಿಂದ ಅಮೆರಿಕಕ್ಕೆ ಪಿಎಚ್‌ಡಿಗೆ ಬಂದ ಹುಡುಗ ಹುಡುಗಿಯರು. "ಅಣ್ಣಾ, ಕ್ರೆಡಿಟ್ ಎಲ್ಲಾ ಖಾಲಿ. ನಾನು ಏನೂ ರನ್ನೇ ಮಾಡಿಲ್ಲ." "ಅಣ್ಣಾ, ಮಷಿನ್ ಡಿಲೀಟ್ ಮಾಡಿದೆ, ಫೈಲ್‌ಗಳೂ ಹೋದವು, ವಾಪಸ್ ಬರ್ತವಾ?" "ಎರಡು ದಿನ ಓಡಿ 'ಕಿಲ್ಡ್' ಅಂತ ಒಂದೇ ಪದ ಬಂತು, ಏನಣ್ಣಾ ಇದು?"

ಮೂರೂ ಒಂದೇ ಕಡೆಯಿಂದ ಹುಟ್ಟುವ ತೊಂದರೆಗಳು. ಎಲ್ಲರೂ ಮೊದಲು ಮಷಿನ್ ಎಬ್ಬಿಸುತ್ತಾರೆ, ಆಮೇಲೆ ಡೇಟಾ ಎಲ್ಲಿಡೋದು ಅಂತ ಯೋಚಿಸುತ್ತಾರೆ, ಕೊನೆಗೆ ಲೆಕ್ಕ ನೋಡುತ್ತಾರೆ. ಕ್ರಮ ತಿರುಗಾಮುರುಗಾ ಆಗಬೇಕು. ಮೊದಲು ಲೆಕ್ಕ, ಆಮೇಲೆ ಡೇಟಾಕ್ಕೆ ಜಾಗ, ಕೊನೆಗೆ ಮಷಿನ್. ಮಷಿನ್ ಅಂದರೆ ಬಾಡಿಗೆ ಮನೆ. ಇವತ್ತೇ ಖಾಲಿ ಮಾಡಿ ಅಂದರೂ ಟ್ರಂಕ್ ಎತ್ತಿಕೊಂಡು ಹೊರಡುವ ಹಾಗೆ ಇರಬೇಕು.

ಜೆಟ್‌ಸ್ಟ್ರೀಮ್2 ಅಂದರೆ ಇಂಡಿಯಾನಾ ವಿಶ್ವವಿದ್ಯಾಲಯ ನಡೆಸುವ, ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣ ಕೊಡುವ ಸಂಶೋಧನಾ ಕ್ಲೌಡ್. ಇಲ್ಲಿ ಮಷಿನ್ ಬಳಸಲು ದುಡ್ಡಿನ ಬದಲು ಕ್ರೆಡಿಟ್ ಖರ್ಚಾಗುತ್ತದೆ. ಸೂಪರ್‌ಕಂಪ್ಯೂಟರ್‌ನಲ್ಲಿ ಕ್ಯೂ ಇರುತ್ತದೆ, ಕೆಲಸ ಮುಗಿದ ಕೂಡಲೇ ಮಷಿನ್ ಕಿತ್ತುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಬ್ರೌಸರ್‌ನಲ್ಲಿ ನೀವೇ ಮಷಿನ್ ಮಾಡಿಕೊಳ್ಳುತ್ತೀರಿ, ನಿಲ್ಲಿಸುವವರೂ ನೀವೇ. ನೀವು ಮರೆತರೆ ಯಾರೂ ಬಂದು ನಿಲ್ಲಿಸುವುದಿಲ್ಲ.

## ಕೂರುವ ಮುನ್ನ ಕೈಯಲ್ಲಿರಬೇಕಾದ್ದು

ಆಕ್ಸೆಸ್ ಐಡಿ ಬೇಕು. ಆಕ್ಸೆಸ್ ಅಂದರೆ ಇಂಥ ಸಂಶೋಧನಾ ಕಂಪ್ಯೂಟರ್‌ಗಳ ಸಮಯ ಹಂಚಿಕೊಡುವ ಅಮೆರಿಕದ ಯೋಜನೆ. ಅದರ ಎರಡನೇ ಹಂತದ ಲಾಗಿನ್‌ಗೆ ಫೋನಿನಲ್ಲಿ ಡ್ಯುಓ ಆ್ಯಪ್ ಇರಬೇಕು. ಊರಿಗೆ ಹೋದಾಗ ಹೊಸ ಫೋನ್ ತಗೊಂಡು, ಹಳೆಯದನ್ನು ತಂಗಿಗೆ ಕೊಟ್ಟು ಬಂದು, ಆಮೇಲೆ ಲಾಗಿನ್ ಆಗಲಾರದೆ ಒದ್ದಾಡಿದವರು ಇದ್ದಾರೆ. ಫೋನ್ ಬದಲಿಸುವ ಮುಂಚೆಯೇ ಡ್ಯುಓ ಸರಿಮಾಡಿಕೊಳ್ಳಿ.

ಜೊತೆಗೆ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಮಷಿನ್‌ಗೆ ಲಾಗಿನ್ ಆಗುವ ಪ್ರೋಗ್ರಾಂ) ಓಡುವ ಟರ್ಮಿನಲ್, ಫೈಲ್ ಸಾಗಿಸುವ ಆರ್‌ಸಿಂಕ್, ಒಂದು ನೋಟ್‌ಬುಕ್. ಕಾಗದದ್ದಾದರೂ ಸರಿ. ಯಾವ ಮಷಿನ್, ಯಾವ ದಿನ, ಯಾತಕ್ಕೆ ಅಂತ ಬರೆದಿಡಲು.

## ಹಂತ 1: ಅಲೊಕೇಶನ್ ಪಡೆಯುವುದು

ಅಲೊಕೇಶನ್ ಅಂದರೆ ನಿಮ್ಮ ಯೋಜನೆಗೆ ಮಂಜೂರಾಗುವ ಕ್ರೆಡಿಟ್. ಆಕ್ಸೆಸ್‌ನಲ್ಲಿ ಅದರ ಹಲವು ಮಟ್ಟ ಇವೆ. ಹೊಸಬರಿಗೆ ಎಕ್ಸ್‌ಪ್ಲೋರ್ ಸಾಕು. ಅದರ ಮಿತಿ 4 ಲಕ್ಷ ಕ್ರೆಡಿಟ್. ಪಿಎಚ್‌ಡಿ ವಿದ್ಯಾರ್ಥಿಯೇ ಅರ್ಜಿ ಹಾಕಬಹುದು, ಆದರೆ ಗೈಡ್‌ರಿಂದ ಒಂದು ಪತ್ರ ಬೇಕು. ಯೋಜನೆ ಏನು ಅಂತ ಚಿಕ್ಕದಾಗಿ ಬರೆದರೆ ಆಯಿತು, ಪುಟಗಟ್ಟಲೆ ಬೇಡ. ಅರ್ಜಿಯ ಮುಖ್ಯಸ್ಥರು ಅಮೆರಿಕದ ಸಂಸ್ಥೆಯಲ್ಲಿ ಇರಬೇಕು. ಹಾಗಾಗಿ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೂತು ಇದನ್ನು ಓದುತ್ತಿರುವವರು ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಮುಂದಿನ ಹಂತಗಳು ಮಾತ್ರ ಓಪನ್‌ಸ್ಟ್ಯಾಕ್ ಅನ್ನುವ ಕ್ಲೌಡ್ ಸಾಫ್ಟ್‌ವೇರ್ ಮೇಲೆ ಕಟ್ಟಿದ ಬೇರೆ ಕ್ಲೌಡ್‌ಗಳಿಗೂ ಬಹುಪಾಲು ಹೊಂದುತ್ತವೆ.

ಅರ್ಜಿ ಪಾಸಾಯಿತು ಅಂತ ಇಮೇಲ್ ಬಂದ ಕೂಡಲೇ ಎಲ್ಲರೂ ಲಾಗಿನ್ ಆಗಿ ನೋಡುತ್ತಾರೆ. ಏನೂ ಕಾಣುವುದಿಲ್ಲ. ಯಾಕೆಂದರೆ ಸಿಕ್ಕಿದ್ದು ಬರೀ ಕ್ರೆಡಿಟ್. ಅದನ್ನು ಜೆಟ್‌ಸ್ಟ್ರೀಮ್2ಗೆ ಎಕ್ಸ್‌ಚೇಂಜ್ ಮಾಡಬೇಕು. ಅದೂ ಸಿಪಿಯು, ಜಿಪಿಯು, ಲಾರ್ಜ್ ಮೆಮೊರಿ ಒಂದೊಂದಕ್ಕೂ ಬೇರೆ ಬೇರೆ. ಎಕ್ಸ್‌ಚೇಂಜ್‌ಗೆ ಒಪ್ಪಿಗೆ ಬಂದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಅಲೊಕೇಶನ್ ಗೈಡ್ ಹೆಸರಿನಲ್ಲಿದ್ದರೆ, ಅವರು ನಿಮ್ಮನ್ನು ಬಳಕೆದಾರರ ಪಟ್ಟಿಗೆ ಸೇರಿಸಿ, ಒಂದೊಂದು ರಿಸೋರ್ಸ್‌ಗೂ ಟಿಕ್ ಹಾಕಬೇಕು. "ಹೆಸರು ಸೇರಿಸಿದ್ದೀನಲ್ಲಪ್ಪ" ಅನ್ನುತ್ತಾರೆ. ಟಿಕ್ ಹಾಕಿರುವುದಿಲ್ಲ.

ಎಲ್ಲ ಕ್ರೆಡಿಟ್ಟನ್ನೂ ಒಂದೇ ಸಲ ಎಕ್ಸ್‌ಚೇಂಜ್ ಮಾಡಬೇಡಿ. ಸಿಪಿಯು ಸ್ವಲ್ಪ ಸಾಕು ಮೊದಲಿಗೆ. ಆರು ತಿಂಗಳ ಮೇಲೆ ಏನು ಬೇಕಾಗುತ್ತದೆ ಅಂತ ಈಗ ಯಾರಿಗೆ ಗೊತ್ತು?

## ಹಂತ 2: ಲೆಕ್ಕ

ಸಾಧಾರಣ ಮಷಿನ್‌ಗಳಲ್ಲಿ ಒಂದು ವರ್ಚುವಲ್ ಸಿಪಿಯು ಒಂದು ಗಂಟೆ ಎದ್ದಿದ್ದರೆ 1 ಎಸ್‌ಯು (ಸರ್ವೀಸ್ ಯೂನಿಟ್, ಬಳಕೆ ಅಳೆಯುವ ಲೆಕ್ಕ). ಎದ್ದಿದ್ದರೆ ಅಂತ ಹೇಳಿದೆ, ಕೆಲಸ ಮಾಡಿದರೆ ಅಂತಲ್ಲ. ನೀವು ಮಲಗಿದ್ದಾಗಲೂ ಮೀಟರ್ ಓಡುತ್ತದೆ.

ಮಷಿನ್ ಅಳತೆಗೆ ಫ್ಲೇವರ್ ಅನ್ನುತ್ತಾರೆ. ಎಂ3.ಸ್ಮಾಲ್‌ನಲ್ಲಿ 2 ಸಿಪಿಯು, 6 ಜಿಬಿ ಮೆಮೊರಿ. ಎಂ3.ಕ್ವಾಡ್‌ನಲ್ಲಿ 4 ಮತ್ತು 15. ಎಂ3.ಮೀಡಿಯಂನಲ್ಲಿ 8 ಮತ್ತು 30. ಎಂ3.ಲಾರ್ಜ್‌ನಲ್ಲಿ 16 ಮತ್ತು 60. ಎಂ3.ಎಕ್ಸ್‌ಎಲ್‌ನಲ್ಲಿ 32 ಮತ್ತು 125. ಜಿಪಿಯು ಮತ್ತು ಲಾರ್ಜ್ ಮೆಮೊರಿ ಮಷಿನ್‌ಗಳಿಗೆ ದರ ಜಾಸ್ತಿ. ಎಕ್ಸ್‌ಚೇಂಜ್ ಮಾಡುವ ದಿನ ಅವರ ದರದ ಪುಟ ನೋಡಿಕೊಳ್ಳಿ.

ಒಂದು ಎಂ3.ಮೀಡಿಯಂ ದಿನಕ್ಕೆ 8 ಇಂಟು 24, ಅಂದರೆ 192 ಎಸ್‌ಯು ತಿನ್ನುತ್ತದೆ. 30 ದಿನಕ್ಕೆ 5,760. ಎಂ3.ಎಕ್ಸ್‌ಎಲ್ ಆದರೆ ದಿನಕ್ಕೆ 768, 30 ದಿನಕ್ಕೆ 23,040. ಈ ನಾಲ್ಕು ಅಂಕಿಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಸಣ್ಣ ಕೆಲಸಕ್ಕೆ ದೊಡ್ಡ ಮಷಿನ್ ಆರಿಸಲು ಕೈ ಹೋದಾಗ ತಡೆಯುತ್ತವೆ.

## ಹಂತ 3: ಮಷಿನ್‌ಗೆ ಮೊದಲೇ ವಾಲ್ಯೂಮ್ ಮಾಡಿ

ಎಕ್ಸೋಸ್ಫಿಯರ್ ಅನ್ನುವ ವೆಬ್ ಇಂಟರ್‌ಫೇಸ್‌ಗೆ ಆಕ್ಸೆಸ್ ಐಡಿಯಿಂದ ಲಾಗಿನ್ ಆಗಿ, ನಿಮ್ಮ ಅಲೊಕೇಶನ್ ಸೇರಿಸಿಕೊಳ್ಳಿ. 'ಕ್ರಿಯೇಟ್' ಒತ್ತಿದಾಗ ಇನ್‌ಸ್ಟೆನ್ಸ್, ವಾಲ್ಯೂಮ್ ಎರಡೂ ಕಾಣುತ್ತವೆ. ಇನ್‌ಸ್ಟೆನ್ಸ್ ಅಂದರೆ ಮಷಿನ್. ನೀವು ಮೊದಲು ವಾಲ್ಯೂಮ್ ಒತ್ತಿ.

ವಾಲ್ಯೂಮ್ ಅಂದರೆ ಬೇರೆಯಾಗಿ ಇರುವ ಡಿಸ್ಕ್, ನಮ್ಮ ಟ್ರಂಕು. ಒಂದು ಮಷಿನ್‌ಗೆ ಸಿಕ್ಕಿಸಬಹುದು, ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಬಹುದು. ಮಷಿನ್ ಡಿಲೀಟ್ ಆದರೂ ವಾಲ್ಯೂಮ್ ಉಳಿಯುತ್ತದೆ. ಮಷಿನ್‌ನೊಳಗಿನ ರೂಟ್ ಡಿಸ್ಕ್ ಮಷಿನ್ ಜೊತೆಗೇ ಹೋಗುತ್ತದೆ. ಎಂ3.ಸ್ಮಾಲ್, ಎಂ3.ಕ್ವಾಡ್‌ಗಳ ರೂಟ್ ಡಿಸ್ಕ್ ಬರೀ 20 ಜಿಬಿ, ಎಂ3.ಮೀಡಿಯಂನಿಂದ ಮೇಲಕ್ಕೆ 60. ಎರಡು ಕೊಂಡಾ ಎನ್ವಿರಾನ್‌ಮೆಂಟ್ (ಒಂದು ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್‌ಗಳ ಕಟ್ಟು) ಹಾಕಿದರೆ 20 ಜಿಬಿ ತುಂಬಿ ಹೋಗುತ್ತದೆ.

ಅಲೊಕೇಶನ್ ಜೊತೆಗೆ ಸಾಮಾನ್ಯವಾಗಿ 1 ಟಿಬಿ ಜಾಗ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಸ್ಟೋರೇಜ್‌ಗೂ ಎಕ್ಸ್‌ಚೇಂಜ್ ಕೇಳಬೇಕು. ಸಿಕ್ಕ ಜಾಗ ಇಡೀ ಲ್ಯಾಬಿಗೆ ಅನ್ನುವುದು ನೆನಪಿರಲಿ. ಒಬ್ಬರೇ 1 ಟಿಬಿಯ ವಾಲ್ಯೂಮ್ ಮಾಡಿಟ್ಟರೆ ಪಕ್ಕದವರಿಗೆ 'ಕೋಟಾ ಎಕ್ಸೀಡೆಡ್' ಅಂತ ಬರುತ್ತದೆ. ಆಮೇಲೆ ಲ್ಯಾಬ್ ಮೀಟಿಂಗ್‌ನಲ್ಲಿ ಮುಖ ನೋಡಲಾಗದು. 200 ಜಿಬಿಯಿಂದ ಶುರು ಮಾಡಿ.

ವಾಲ್ಯೂಮ್ ಒಂದು ಸಲಕ್ಕೆ ಒಂದೇ ಮಷಿನ್‌ಗೆ. ಮೂರು ಮಷಿನ್‌ಗಳಿಂದ ಒಂದೇ ಫೋಲ್ಡರ್ ಬೇಕಾದರೆ ಅದಕ್ಕೆ ಶೇರ್ ಅನ್ನುವುದು ಬೇರೆಯೇ ಇದೆ. ಹೊಸಬರಿಗೆ ಸದ್ಯ ಬೇಡ.

## ಹಂತ 4: ಮಷಿನ್ ಎಬ್ಬಿಸುವುದು

ಈಗ ಇನ್‌ಸ್ಟೆನ್ಸ್ ಒತ್ತಿ. ಉಬುಂಟು ಇಮೇಜ್ (ಮೊದಲೇ ಸಿದ್ಧವಾದ ಲಿನಕ್ಸ್ ವ್ಯವಸ್ಥೆಯ ಪ್ರತಿ) ಆರಿಸಿ. ಹೆಸರು ಕೇಳುತ್ತದೆ. 'ಟೆಸ್ಟ್', 'ಟೆಸ್ಟ್2' ಅಂತ ಇಡಬೇಡಿ. ನಿಮ್ಮ ಹೆಸರು, ಕೆಲಸ, ತಿಂಗಳು ಮೂರೂ ಬರುವಂತೆ ಇಡಿ. ಕಾರಣ ಇದೆ: ಒಂದೇ ಅಲೊಕೇಶನ್‌ನಲ್ಲಿರುವವರೆಲ್ಲ ಒಬ್ಬರ ಮಷಿನ್ ಇನ್ನೊಬ್ಬರು ನೋಡಬಹುದು, ಅಳಿಸಲೂಬಹುದು. ಯಾವುದೋ 'ಟೆಸ್ಟ್2' ಅನಾಥವಾಗಿ ಬಿದ್ದಿದೆ ಅಂದುಕೊಂಡು ಯಾರೋ ಒಳ್ಳೆಯ ಮನಸ್ಸಿನಿಂದಲೇ ಡಿಲೀಟ್ ಮಾಡುತ್ತಾರೆ. ಬೆಲೆಬಾಳುವ ಮಷಿನ್ ಆದರೆ ಮೆನುವಿನಲ್ಲಿ 'ಲಾಕ್' ಇದೆ, ಹಾಕಿಡಿ.

ಫ್ಲೇವರ್ ಎಂ3.ಸ್ಮಾಲ್ ಅಥವಾ ಎಂ3.ಕ್ವಾಡ್ ಸಾಕು. ಸಾಫ್ಟ್‌ವೇರ್ ಹಾಕುವುದು, ಡೇಟಾ ಇಳಿಸುವುದು, ಸ್ಕ್ರಿಪ್ಟ್ ತಿದ್ದುವುದು ಇವಕ್ಕೆಲ್ಲ 32 ಸಿಪಿಯು ಯಾಕೆ? ಆಮೇಲೆ 'ರೀಸೈಜ್' ಮಾಡಿ ದೊಡ್ಡದು ಮಾಡಬಹುದು.

ಇಲ್ಲೊಂದು ಸಿಕ್ಕು ಇದೆ. 20 ಜಿಬಿ ಡಿಸ್ಕಿನ ಮಷಿನ್ನನ್ನು 60 ಜಿಬಿಯ ಫ್ಲೇವರ್‌ಗೆ ಏರಿಸಿದರೆ ಡಿಸ್ಕ್ ಬೆಳೆಯುತ್ತದೆ. ಬೆಳೆದ ಡಿಸ್ಕ್ ಕುಗ್ಗುವುದಿಲ್ಲ, ಹಾಗಾಗಿ ವಾಪಸ್ ಚಿಕ್ಕ ಫ್ಲೇವರ್‌ಗೆ ಇಳಿಯಲು ಬಿಡುವುದಿಲ್ಲ. ಮೇಲೆ ಕೆಳಗೆ ಓಡಾಡುವ ಯೋಚನೆ ಇದ್ದರೆ ಮಷಿನ್ ಮಾಡುವಾಗಲೇ 'ಕಸ್ಟಮ್ ಡಿಸ್ಕ್ ಸೈಜ್' ಆರಿಸಿ, 60 ಅಥವಾ 80 ಅಂತ ಕೊಡಿ. ಆ ಜಾಗವೂ ನಿಮ್ಮ ಸ್ಟೋರೇಜ್ ಲೆಕ್ಕದಿಂದಲೇ ಹೋಗುತ್ತದೆ. ಸಿಪಿಯು ಮಷಿನ್ನನ್ನು ರೀಸೈಜ್ ಮಾಡಿ ಜಿಪಿಯು ಮಾಡಿಕೊಳ್ಳುತ್ತೇನೆ ಅನ್ನುವುದು ಆಗದ ಮಾತು. ಹೊಸದಾಗಿ ಮಾಡಿ, ವಾಲ್ಯೂಮ್ ಸಿಕ್ಕಿಸಿ.

ವೆಬ್ ಡೆಸ್ಕ್‌ಟಾಪ್ ಬೇಕಾ ಅಂತ ಕೇಳುತ್ತದೆ. ಚಿತ್ರ ನೋಡುವ ಕೆಲಸ ಇಲ್ಲದಿದ್ದರೆ ಬೇಡ.

## ಹಂತ 5: ಒಳಗೆ ಹೋಗುವುದು

ಬ್ರೌಸರ್‌ನಲ್ಲೇ ವೆಬ್ ಶೆಲ್ ತೆರೆಯುತ್ತದೆ, ಮೊದಲ ದಿನಕ್ಕೆ ಅಷ್ಟು ಸಾಕು. ದಿನಾ ಬಳಸುವುದಾದರೆ ಎಸ್‌ಎಸ್‌ಎಚ್ ಕೀ ಹಾಕಿಕೊಳ್ಳಿ. ಕೀ ಮಾಡಿದಾಗ ಎರಡು ಫೈಲ್ ಬರುತ್ತವೆ. 'ಪಬ್' ಅಂತ ಕೊನೆಯಾಗುವುದನ್ನು ಮಾತ್ರ ಎಕ್ಸೋಸ್ಫಿಯರ್‌ಗೆ ಕೊಡಬೇಕು. ಇನ್ನೊಂದು ಮನೆ ಬೀಗದ ಕೈ ಇದ್ದ ಹಾಗೆ, ವಾಟ್ಸಾಪ್‌ನಲ್ಲಿ ಕಳಿಸುವ ವಸ್ತುವಲ್ಲ. ಲಾಗಿನ್ ಹೆಸರು 'ಎಕ್ಸೋಯೂಸರ್'. ನಿಮ್ಮ ಆಕ್ಸೆಸ್ ಐಡಿ ಅಲ್ಲ, 'ಉಬುಂಟು' ಕೂಡ ಅಲ್ಲ.

ಐಪಿ ನಂಬರ್ ಬದಲು ಮಷಿನ್ ಪುಟದಲ್ಲಿ ಕಾಣುವ ಹೋಸ್ಟ್‌ನೇಮ್ ಬಳಸಿ. ಐಪಿ ಬದಲಾಗಬಹುದು, ಹೆಸರು ಉಳಿಯುತ್ತದೆ. ಮಷಿನ್ ಅಳಿಸಿ ಅದೇ ಹೆಸರಿನಲ್ಲಿ ಹೊಸದು ಮಾಡಿದರೆ 'ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್' ಅಂತ ದೊಡ್ಡ ಅಕ್ಷರದಲ್ಲಿ ಹೆದರಿಸುತ್ತದೆ. ನೀವೇ ಹೊಸದು ಮಾಡಿದ್ದು ಹೌದಾದರೆ ಲ್ಯಾಪ್‌ಟಾಪ್‌ನ 'ನೋನ್ ಹೋಸ್ಟ್ಸ್' ಫೈಲ್‌ನಿಂದ ಆ ಹಳೇ ಸಾಲು ತೆಗೆಯಿರಿ. ಏನೂ ಬದಲಿಸದೆ ಈ ಮಾತು ಬಂದರೆ ಮಾತ್ರ ನಿಂತು ಯೋಚಿಸಿ.

ಬ್ರೌಸರ್‌ನಲ್ಲಿ ಕೋಡ್ ಬರೆದು ಓಡಿಸುವ ಜುಪಿಟರ್ ಬಳಸುವವರಿಗೆ ಒಂದು ಮಾತು. ಪಾಸ್‌ವರ್ಡ್ ತೆಗೆದು, ಪೋರ್ಟ್ ಎಲ್ಲರಿಗೂ ತೆರೆದಿಟ್ಟು ಕೂರಬೇಡಿ. ಇಂಟರ್ನೆಟ್‌ನಲ್ಲಿ ತೆರೆದ ಬಾಗಿಲು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಎಸ್‌ಎಸ್‌ಎಚ್ ಟನಲ್ ಮೂಲಕ ತೆರೆಯಿರಿ. ಇನ್ನು, ರೋಗಿಗಳ ಗುರುತು ಸಿಗುವಂಥ ಡೇಟಾ ಇಲ್ಲಿ ತರಲೇಬೇಡಿ.

## ಹಂತ 6: ಡೇಟಾ ಮತ್ತು ಸಾಫ್ಟ್‌ವೇರ್

ವಾಲ್ಯೂಮ್ ಪುಟಕ್ಕೆ ಹೋಗಿ 'ಅಟ್ಯಾಚ್' ಮಾಡಿ. ಮಷಿನ್‌ನಲ್ಲಿ ಮೀಡಿಯಾ ಫೋಲ್ಡರ್‌ನ ಒಳಗೆ 'ವಾಲ್ಯೂಮ್' ಅಂತ, ಅದರ ಒಳಗೆ ನಿಮ್ಮ ವಾಲ್ಯೂಮ್‌ನ ಹೆಸರಿನಲ್ಲಿ ಕಾಣುತ್ತದೆ. ಕಂಡ ಕೂಡಲೇ ಡೇಟಾ ಸುರಿಯಬೇಡಿ. ಮೊದಲು 'ಡಿಎಫ್' ಕಮ್ಯಾಂಡ್ ಕೊಟ್ಟು, ಆ ಹೆಸರಿನ ಎದುರು ನೀವು ಕೊಟ್ಟ 200 ಜಿಬಿ ಕಾಣುತ್ತಿದೆಯಾ ನೋಡಿ. ಸರಿಯಾಗಿ ಮೌಂಟ್ ಆಗದೆ, ಬರೀ ಹೆಸರಿಗೊಂದು ಖಾಲಿ ಫೋಲ್ಡರ್ ಇದ್ದರೆ, ನೀವು ಹಾಕಿದ್ದೆಲ್ಲ ರೂಟ್ ಡಿಸ್ಕಿಗೆ ಹೋಗುತ್ತದೆ. ವಾಲ್ಯೂಮ್‌ನಲ್ಲಿ ಇಟ್ಟಿದ್ದೆ ಅಂತ ಆಣೆ ಮಾಡಿ ಹೇಳಿದ ಹುಡುಗನ ಡೇಟಾ ಹೋದದ್ದು ಹೀಗೆಯೇ.

ಸಾರ್ವಜನಿಕ ಡೇಟಾಬೇಸ್‌ನಲ್ಲಿರುವ ಡೇಟಾವನ್ನು ಲ್ಯಾಪ್‌ಟಾಪ್‌ಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ಕಳಿಸುವವರು ಇದ್ದಾರೆ. ಬಾವಿಯ ನೀರನ್ನು ಮನೆಗೆ ಹೊತ್ತು ತಂದು ಬಾವಿ ಪಕ್ಕದ ಗಿಡಕ್ಕೆ ಹಾಕಿದಂತೆ. ನೇರವಾಗಿ ಮಷಿನ್‌ಗೇ ಇಳಿಸಿ. ಎಸ್‌ಆರ್‌ಎ (ಡಿಎನ್‌ಎ, ಆರ್‌ಎನ್‌ಎ ಸೀಕ್ವೆನ್ಸ್‌ಗಳ ಸಾರ್ವಜನಿಕ ಸಂಗ್ರಹ) ಫೈಲ್ ಬಿಚ್ಚುವಾಗ ಮೂಲ ಫೈಲಿನ ಹಲವು ಪಟ್ಟು ತಾತ್ಕಾಲಿಕ ಜಾಗ ಬೇಕು. ತಾತ್ಕಾಲಿಕ ಫೋಲ್ಡರ್ ಕೂಡ ವಾಲ್ಯೂಮ್ ಮೇಲೆಯೇ ಇರಲಿ. ನಿಮ್ಮದೇ ಫೈಲ್‌ಗಳಾದರೆ ಆರ್‌ಸಿಂಕ್ ಬಳಸಿ, ಮಧ್ಯದಲ್ಲಿ ವೈಫೈ ಹೋದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ.

ಸಾಫ್ಟ್‌ವೇರ್‌ಗೆ ಮೊದಲು 'ಮಾಡ್ಯೂಲ್ ಅವೈಲ್' ಕೊಟ್ಟು ನೋಡಿ. ಬೇಕಾದ್ದು ಅಲ್ಲೇ ಇದ್ದರೆ ಸುಮ್ನೆ ಇನ್‌ಸ್ಟಾಲ್ ಮಾಡುವ ಕಷ್ಟ ಯಾಕೆ? ಇಲ್ಲದಿದ್ದರೆ ಕೊಂಡಾ ಎನ್ವಿರಾನ್‌ಮೆಂಟನ್ನು ವಾಲ್ಯೂಮ್ ಮೇಲೆ ಮಾಡಿ, ಅದರ ಪಟ್ಟಿಯನ್ನು ಒಂದು ಫೈಲಿಗೆ ಎಕ್ಸ್‌ಪೋರ್ಟ್ ಮಾಡಿಡಿ.

## ಹಂತ 7: ಚಿಕ್ಕ ಓಟ, ಆಮೇಲೆ ದೊಡ್ಡದು

ಮೇಲೆ ಹೇಳಿದ 'ಕಿಲ್ಡ್' ಕತೆ ಹೀಗಿದೆ. ಹುಡುಗಿ ಮನುಷ್ಯನ ಆರ್‌ಎನ್‌ಎ ಡೇಟಾವನ್ನು ಸ್ಟಾರ್ ಅನ್ನುವ ಪ್ರೋಗ್ರಾಂನಿಂದ ಅಲೈನ್ ಮಾಡುತ್ತಿದ್ದಳು, ಅಂದರೆ ಒಂದೊಂದು ತುಣುಕೂ ಜೀನೋಮ್‌ನಲ್ಲಿ ಎಲ್ಲಿ ಕೂರುತ್ತದೆ ಅಂತ ಹುಡುಕುತ್ತಿದ್ದಳು. ಮನುಷ್ಯನ ಇಡೀ ಜೀನೋಮ್‌ನ ಇಂಡೆಕ್ಸ್‌ಗೆ ಸ್ಟಾರ್ ಸುಮಾರು 30 ಜಿಬಿ ಮೆಮೊರಿ ಕೇಳುತ್ತದೆ. ಅವಳ ಎಂ3.ಮೀಡಿಯಂನಲ್ಲಿ ಇದ್ದದ್ದೇ 30, ಅದರಲ್ಲಿ ಉಬುಂಟುಗೂ ಒಂದು ಪಾಲು ಹೋಗಬೇಕು. ಎರಡು ದಿನ ಬೇರೆ ಬೇರೆ ಹಂತಗಳು ಓಡಿ, ಸ್ಟಾರ್‌ಗೆ ಬಂದಾಗ ಲಿನಕ್ಸ್ ಅದನ್ನು ಹೊಡೆದು ಹಾಕಿತು. 'ಡಿಮೆಸೇಜ್' ಕಮ್ಯಾಂಡ್ ಕೊಟ್ಟು ನೋಡಿದರೆ 'ಔಟ್ ಆಫ್ ಮೆಮೊರಿ' ಅಂತ ಬರೆದಿತ್ತು.

ಇದನ್ನು ಹತ್ತು ನಿಮಿಷದಲ್ಲಿ ಪತ್ತೆ ಮಾಡಬಹುದಿತ್ತು. ಸೀಕ್ವೆನ್ಸ್ ಡೇಟಾ ಇರುವ ಫಾಸ್ಟ್‌ಕ್ಯೂ ಫೈಲ್‌ನಲ್ಲಿ ಒಂದು ರೀಡ್‌ಗೆ, ಅಂದರೆ ಒಂದು ತುಣುಕಿಗೆ, 4 ಸಾಲು. ಮೊದಲ 4 ಲಕ್ಷ ಸಾಲು ಕತ್ತರಿಸಿ ತೆಗೆದರೆ 1 ಲಕ್ಷ ರೀಡ್. ಅಷ್ಟನ್ನು ಮಾತ್ರ ಕೊಟ್ಟು ಎಲ್ಲ ಹಂತಗಳನ್ನೂ ಒಮ್ಮೆ ಓಡಿಸಿ. ಇಂಡೆಕ್ಸ್‌ಗೆ ಬೇಕಾದ ಮೆಮೊರಿ ರೀಡ್ ಎಷ್ಟಿದ್ದರೂ ಅಷ್ಟೇ, ಹಾಗಾಗಿ ಚಿಕ್ಕ ಓಟದಲ್ಲೇ ಬಣ್ಣ ಬಯಲಾಗುತ್ತದೆ. ಕಮ್ಯಾಂಡಿನ ಮುಂದೆ 'ಟೈಮ್' ಪ್ರೋಗ್ರಾಂ ಹಾಕಿ ವಿವರವಾದ ವರದಿ ಕೇಳಿದರೆ ಅತಿ ಹೆಚ್ಚು ಬಳಸಿದ ಮೆಮೊರಿಯನ್ನು ಕಿಲೋಬೈಟ್‌ನಲ್ಲಿ ಕೊಡುತ್ತದೆ. ಅದರ ಮೇಲೆ ಕಾಲು ಪಾಲು ಸೇರಿಸಿ ಫ್ಲೇವರ್ ಆರಿಸಿ. ಈ ಕೆಲಸಕ್ಕೆ ಎಂ3.ಲಾರ್ಜ್. ಇದೇ ಕೆಲಸ ಮಾಡುವ ಹೈಸ್ಯಾಟ್2 ಬಳಸಿದರೆ ಇನ್ನೂ ಕಡಿಮೆ ಮೆಮೊರಿಯಲ್ಲಿ ಮುಗಿಯುತ್ತದೆ.

ದೊಡ್ಡ ಓಟವನ್ನು ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಜೀವಂತ ಇಡುವ ಪ್ರೋಗ್ರಾಂ) ಒಳಗೆ ಶುರು ಮಾಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಕೆಲಸವೂ ನಿಲ್ಲುತ್ತದೆ. ಶುರುವಾಗಿ ಕಾಲು ಗಂಟೆ ಆದಮೇಲೆ 'ಟಾಪ್' ನೋಡಿ. 16 ಸಿಪಿಯು ತಗೊಂಡು ಒಂದೇ ಓಡುತ್ತಿದ್ದರೆ ಥ್ರೆಡ್ ಎಷ್ಟು, ಅಂದರೆ ಕೆಲಸವನ್ನು ಎಷ್ಟು ಸಿಪಿಯುಗೆ ಹಂಚಬೇಕು, ಅಂತ ಹೇಳುವುದನ್ನು ಮರೆತಿದ್ದೀರಿ. ಜಿಪಿಯು ಮಷಿನ್‌ನಲ್ಲಿ 'ಎನ್‌ವಿಡಿಯಾ-ಎಸ್‌ಎಂಐ' ಕೊಟ್ಟಾಗ ಬಳಕೆ 0 ಅಂತಲೇ ತೋರಿಸುತ್ತಿದ್ದರೆ ನಿಮ್ಮ ಕೋಡ್ ಸಿಪಿಯುನಲ್ಲಿ ಓಡುತ್ತಿದೆ, ದುಡ್ಡು ಮಾತ್ರ ಜಿಪಿಯುಗೆ ಹೋಗುತ್ತಿದೆ.

## ಹಂತ 8: ಆಫ್ ಮಾಡಿದ್ದು ಬೇರೆ, ಅಟ್ಟಕ್ಕೆ ಏರಿಸಿದ್ದು ಬೇರೆ

ಇದೊಂದು ಹಂತ ಸರಿಯಾಗಿ ತಿಳಿದರೆ ಅರ್ಧ ಮೆಸೇಜ್ ನನಗೆ ಬರುವುದಿಲ್ಲ.

ಮಷಿನ್ನನ್ನು ನಿಲ್ಲಿಸಲು ಹಲವು ದಾರಿ ಇವೆ, ಎಲ್ಲಕ್ಕೂ ಬೆಲೆ ಬೇರೆ. ಎದ್ದಿದ್ದರೆ ಪೂರ್ತಿ ಚಾರ್ಜ್. 'ಸಸ್ಪೆಂಡ್' ಮಾಡಿದರೆ ನೂರಕ್ಕೆ 75. ಶಟ್‌ಡೌನ್ ಮಾಡಿದರೆ ನೂರಕ್ಕೆ 50. 'ಶೆಲ್ವ್' ಮಾಡಿದರೆ ಮಾತ್ರ ಸೊನ್ನೆ. ಶಟ್‌ಡೌನ್ ಆದ ಮಷಿನ್ ಅಂದರೆ ಅಂಗಡಿ ಮುಂದೆ ನಿಲ್ಲಿಸಿ ಬಂದ ಆಟೋ. ಓಡುತ್ತಿಲ್ಲ ನಿಜ, ವೇಟಿಂಗ್ ಚಾರ್ಜ್ ಏರುತ್ತಲೇ ಇದೆ. ಅದರ ಸಿಪಿಯು, ಮೆಮೊರಿ ಇನ್ನೂ ನಿಮ್ಮ ಹೆಸರಿನಲ್ಲೇ ಹಿಡಿದಿಟ್ಟಿರುತ್ತಾರೆ. ಶೆಲ್ವ್ ಮಾಡಿದರೆ ಡಿಸ್ಕಿನ ಪ್ರತಿ ತೆಗೆದು ಅಟ್ಟಕ್ಕೆ ಏರಿಸಿ, ಜಾಗ ಬೇರೆಯವರಿಗೆ ಕೊಡುತ್ತಾರೆ.

ನಾನೂ ಸಿಕ್ಕಿಬಿದ್ದಿದ್ದೇನೆ. ಒಂದು ಬೇಸಿಗೆ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಎಂ3.ಎಕ್ಸ್‌ಎಲ್ ಒಂದರ ಟರ್ಮಿನಲ್‌ನಲ್ಲಿ ಶಟ್‌ಡೌನ್ ಕಮ್ಯಾಂಡ್ ಕೊಟ್ಟು, ಕೆಲಸ ಮುಗಿಯಿತು ಅಂತ ಸೂಟ್‌ಕೇಸ್ ತೂಕ ಮಾಡಲು ಹೋದೆ. 42 ದಿನ. ಪೂರ್ತಿ ಎದ್ದಿದ್ದರೆ 32,256 ಎಸ್‌ಯು, ಅದರ ಅರ್ಧ 16,128 ಖರ್ಚು. ಒಂದು ಸಾಲು ಕೋಡೂ ಓಡಿರಲಿಲ್ಲ.

ಹಾಗಾಗಿ ಕ್ರಮ ಇದು. ಕೆಲಸ ಮುಗಿದ ಮೇಲೆ ಫಲಿತಾಂಶ ವಾಲ್ಯೂಮ್ ಮೇಲಿದೆಯಾ ನೋಡಿ. ಎಕ್ಸೋಸ್ಫಿಯರ್‌ನಲ್ಲಿ ಮಷಿನ್ ಪುಟ ತೆರೆದು 'ಆ್ಯಕ್ಷನ್ಸ್' ಒತ್ತಿ 'ಶೆಲ್ವ್' ಆರಿಸಿ. ಸ್ಟೇಟಸ್ 'ಶೆಲ್ವ್‌ಡ್' ಅಂತ ಬರುವ ತನಕ ಕಾಯಿರಿ. ರೂಟ್ ಡಿಸ್ಕ್ ದೊಡ್ಡದಿದ್ದಷ್ಟೂ ಹೊತ್ತು ಹಿಡಿಯುತ್ತದೆ, ಒಂದು ಕಾಫಿ ಕುಡಿದು ಬನ್ನಿ. ಮೆಮೊರಿಯಲ್ಲಿ ಓಡುತ್ತಿದ್ದದ್ದು ಸಾಯುತ್ತದೆ, ಡಿಸ್ಕಿನಲ್ಲಿ ಬರೆದದ್ದು ಉಳಿಯುತ್ತದೆ.

ಕೆಲಸ ರಾತ್ರಿ ಮೂರಕ್ಕೆ ಮುಗಿಯುವುದಾದರೆ? ಸ್ಕ್ರಿಪ್ಟ್‌ನ ಕೊನೆಯಲ್ಲಿ ಶಟ್‌ಡೌನ್ ಹಾಕುವುದು ಎಲ್ಲರಿಗೂ ಹೊಳೆಯುವ ಉಪಾಯ, ಅದು ಅರ್ಧ ದುಡ್ಡಷ್ಟೇ ಉಳಿಸುತ್ತದೆ. ಅದರ ಬದಲು ಓಪನ್‌ಸ್ಟ್ಯಾಕ್ ಕಮ್ಯಾಂಡ್ ಟೂಲ್ ಹಾಕಿಕೊಂಡು, ಹೊರೈಜನ್ ಇಂಟರ್‌ಫೇಸ್‌ನಲ್ಲಿ ಅಪ್ಲಿಕೇಶನ್ ಕ್ರೆಡೆನ್ಶಿಯಲ್ (ಪಾಸ್‌ವರ್ಡ್ ಬದಲು ಆ ಟೂಲ್ ಬಳಸುವ ಗುರುತು) ಮಾಡಿ, 'ಸರ್ವರ್ ಶೆಲ್ವ್' ಕಮ್ಯಾಂಡನ್ನು ಕೊನೆಯ ಸಾಲಾಗಿ ಕೊಡಿ. ಎರಡು ಕಮ್ಯಾಂಡ್‌ಗಳ ನಡುವೆ ಜೋಡಿ ಆ್ಯಂಪರ್‌ಸ್ಯಾಂಡ್ (&&) ಬೇಡ, ಸೆಮಿಕೋಲನ್ (;) ಹಾಕಿ. ಆ್ಯಂಪರ್‌ಸ್ಯಾಂಡ್ ಇದ್ದರೆ ಮೊದಲನೆಯದು ಕೆಟ್ಟಾಗ ಎರಡನೆಯದು ಓಡುವುದೇ ಇಲ್ಲ. ಅಂದರೆ ನಿಮ್ಮ ಕೆಲಸ ಹತ್ತು ನಿಮಿಷದಲ್ಲಿ ಸತ್ತು, ಮಷಿನ್ ಬೆಳಗಿನ ತನಕ ಎದ್ದು ಕೂತಿರುತ್ತದೆ. ಲಾಗ್ ಫೈಲ್ ವಾಲ್ಯೂಮ್ ಮೇಲಿರಲಿ. ಆ ಕ್ರೆಡೆನ್ಶಿಯಲ್ ಫೈಲನ್ನು ಗಿಟ್‌ಹಬ್‌ಗೆ ಏರಿಸಿಬಿಡಬೇಡಿ. ಅದು ಸಿಕ್ಕವರು ನಿಮ್ಮ ಲೆಕ್ಕದಲ್ಲಿ ಮಷಿನ್ ಎಬ್ಬಿಸಬಹುದು.

ಜಿಪಿಯು ಇರುವವರಿಗೆ ಒಂದು ಎಚ್ಚರಿಕೆ. ಅಟ್ಟದಿಂದ ಇಳಿಸುವಾಗ ಖಾಲಿ ಜಿಪಿಯು ಇಲ್ಲದಿದ್ದರೆ ಅನ್‌ಶೆಲ್ವ್ ಆಗುವುದಿಲ್ಲ. ಪೇಪರ್ ಗಡುವಿನ ಹಿಂದಿನ ರಾತ್ರಿ ಇಳಿಸಲು ಹೋಗಬೇಡಿ.

## ಹಂತ 9: ಡಿಲೀಟ್

ಇಲ್ಲಿ ಬ್ಯಾಕಪ್ ನಿಮ್ಮದೇ ಜವಾಬ್ದಾರಿ. ಯಾರೂ ಪ್ರತಿ ಇಟ್ಟಿರುವುದಿಲ್ಲ. ಫಲಿತಾಂಶಗಳನ್ನು ಲ್ಯಾಬ್‌ನ ಡಿಸ್ಕಿಗೆ ಆರ್‌ಸಿಂಕ್ ಮಾಡಿ, ಎರಡೂ ಕಡೆ ಎಂಡಿ5 ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ತಾಳೆ ನೋಡಿ. ಬರೀ ಫೈಲ್ ಸೈಜ್ ನೋಡಿ ಸರಿಯಿದೆ ಅನ್ನಬೇಡಿ.

ಆಮೇಲೆ ವಾಲ್ಯೂಮ್ ಅನ್‌ಮೌಂಟ್ ಮಾಡಿ, ಡಿಟ್ಯಾಚ್ ಮಾಡಿ. 'ಡಿವೈಸ್ ಬ್ಯುಸಿ' ಅಂತ ಬಂದರೆ ಹತ್ತರಲ್ಲಿ ಒಂಬತ್ತು ಸಲ ನಿಮ್ಮದೇ ಟರ್ಮಿನಲ್ ಆ ಫೋಲ್ಡರ್ ಒಳಗೆ ಕೂತಿರುತ್ತದೆ, ಹೊರಗೆ ಬನ್ನಿ. ಡಿಟ್ಯಾಚ್ ಆದ ಮೇಲೆ ಮಷಿನ್ ಡಿಲೀಟ್ ಮಾಡಿ. ಬೇಡದ ವಾಲ್ಯೂಮ್, ಹಳೇ ಇಮೇಜ್‌ಗಳು ಪಟ್ಟಿಯಲ್ಲಿ ಉಳಿದಿದ್ದರೆ ಅವನ್ನೂ ತೆಗೆಯಿರಿ.

ಬಳಕೆಯ ಲೆಕ್ಕ ತಕ್ಷಣ ಬದಲಾಗುವುದಿಲ್ಲ. ಅವತ್ತಿನ ಬ್ಯಾಲೆನ್ಸ್ ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಎರಡು ದಿನ ಬಿಟ್ಟು ಒಮ್ಮೆ, ಇನ್ನೆರಡು ದಿನ ಬಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಅಂಕಿ ಇಳಿಯುತ್ತಲೇ ಇದ್ದರೆ ನಿಮ್ಮದೋ ಲ್ಯಾಬ್‌ನವರದೋ ಯಾವುದೋ ಒಂದು ಮಷಿನ್ ಇನ್ನೂ ಎದ್ದಿದೆ. ಪಟ್ಟಿಯಲ್ಲಿ 'ನನ್ನವು ಮಾತ್ರ' ಅನ್ನುವ ಫಿಲ್ಟರ್ ತೆಗೆದು ಹುಡುಕಿ.